ಆ ಹುಡುಗಿಗೆ ಏನೂ ಬರುವುದಿಲ್ಲ ಎಂದು ಬರೆದೆ

ರೋಣದ ತಹಶೀಲ್ದಾರ್ ಕಚೇರಿಯ ಎದುರಿಗೆ, ಬೇವಿನ ಗಿಡದ ಕೆಳಗೆ ಟೇಬಲ್ ಹಾಕಿಕೊಂಡು ಮೂವತ್ತೆಂಟು ವರ್ಷ ನಾನು ಮಂದಿಯ ಅರ್ಜಿ ಬರೆದೆ. ನನ್ನ ಓದು ಎಸ್ಸೆಸ್ಸೆಲ್ಸಿಗೆ ನಿಂತಿತ್ತು. ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗೆ ಇದ್ದವು. ವೃದ್ಧಾಪ್ಯ ವೇತನ, ವಿಧವಾ ವೇತನ, ಪಡಿತರ ಚೀಟಿ, ಹೊಳೆ ಬಂದು ಬಿದ್ದ ಮನೆಗೆ ಪರಿಹಾರ, ಹೀಗೆ ಏನೇನು ಬರೆದೆನೋ ಲೆಕ್ಕವಿಟ್ಟಿಲ್ಲ.

ನನಗೆ ಈ ಕಸುಬು ಕಲಿಸಿದವನು ನನಗಿಂತ ಮೊದಲು ಆ ಗಿಡದ ಕೆಳಗೆ ಕೂರುತ್ತಿದ್ದ ಒಬ್ಬ ಮುದುಕ. ಮೊದಲ ದಿನವೇ ಆತ ನನಗೆ ಹೇಳಿದ: "ತಮ್ಮಾ, ಶಾಯಿ ಒಣಗೂದರಾಗ ಸರ್ಕಾರದ ಕಣ್ಣಾಗ ನೀರು ಬರಬೇಕು. ಇದ್ದದ್ದು ಇಲ್ಲ ಅನ್ನು. ಬರೂದು ಬರಂಗಿಲ್ಲ ಅನ್ನು. ಅಂದ್ರ ಕೆಲಸ ಆಗ್ತದ."

ನಾನು ಹಾಗೆಯೇ ನಡೆದೆ. ಒಮ್ಮೆ ಮುಶಿಗೇರಿಯ ಒಬ್ಬ ಮುದುಕಿಗೆ "ನಡೆದಾಡಲು ಸಂಪೂರ್ಣ ಅಶಕ್ತಳು" ಎಂದು ಬರೆದುಕೊಟ್ಟೆ. ಒಳಗಿನಿಂದ ಸಾಹೇಬರು ಆಕೆಯ ಹೆಸರು ಕೂಗಿದ್ದೇ ತಡ, ಸೀರೆ ಎತ್ತಿ ಕಟ್ಟಿ, ಎರಡೆರಡು ಪಾವಟಿಗೆ ಒಂದೇ ಹೆಜ್ಜೆಗೆ ದಾಟಿ ಓಡಿದಳು. ಸಾಹೇಬರು ಕಿಟಕಿಯಿಂದ ನನ್ನ ಕಡೆ ನೋಡಿದರು. ನಾನು ಗಿಡದ ಕಡೆ ನೋಡಿದೆ. ಆಕೆಗೆ ವೇತನ ಮಂಜೂರಾಯಿತು, ಬರುವಾಗ ನನಗೆ ಒಂದು ಸೇರು ಹೆಸರುಕಾಳು ತಂದುಕೊಟ್ಟಳು. ಅಂಥ ಸುಳ್ಳುಗಳಿಗೆ ದೇವರು ನನ್ನನ್ನು ಹಿಡಿದು ನಿಲ್ಲಿಸುತ್ತಾನೆ ಎಂದು ನನಗೆ ಅನ್ನಿಸುವುದಿಲ್ಲ. ನನ್ನನ್ನು ತಿನ್ನುವ ಸುಳ್ಳು ಒಂದೇ ಒಂದು. ಅದನ್ನು ನಾನು ನನ್ನ ಮನೆಯ ಹುಡುಗಿಯ ಮೇಲೆ ಬರೆದೆ.

ನಮಗೆ ಮಕ್ಕಳಾಗಲಿಲ್ಲ. ನನಗೆ ಅರವತ್ತು ಹತ್ತಿರ ಬಂದಾಗ ಮಕ್ಕಳ ರಕ್ಷಣಾ ಘಟಕದ ಒಬ್ಬ ಮೇಡಂ ಯಾವುದೋ ಕೆಲಸಕ್ಕೆ ನಮ್ಮ ಕಚೇರಿಗೆ ಬಂದವರು ಗಿಡದ ಕೆಳಗೆ ಚಹಾ ಕುಡಿಯುತ್ತ ಪೋಷಕತ್ವ ಯೋಜನೆಯ ಮಾತು ತೆಗೆದರು. ಹೆತ್ತವರಿಲ್ಲದ ಮಗುವನ್ನು ದತ್ತಕ ತೆಗೆದುಕೊಳ್ಳದೆಯೇ, ಅದಕ್ಕೆ ಹದಿನೆಂಟು ತುಂಬುವವರೆಗೆ ಮನೆಯಲ್ಲಿಟ್ಟುಕೊಂಡು ಬೆಳೆಸುವುದು. ಆ ಸಂಜೆ ಹೆಂಡತಿಗೆ ಹೇಳಿದೆ. ಆಕೆ ಒಲೆಯ ಮುಂದಿನಿಂದ ಎದ್ದೇ ಬಿಟ್ಟಳು. "ನಾಳೆನ ಅರ್ಜಿ ಬರೀರಿ," ಎಂದಳು.

ಬರೆದೆ. ರೂಢಿಯಂತೆ "ನಾವು ಕಡುಬಡವರು, ದಿಕ್ಕಿಲ್ಲದವರು, ಸೂರು ಸೋರುತ್ತದೆ" ಎಂದು ಮುತ್ತಿನಂಥ ಅಕ್ಷರದಲ್ಲಿ ಎರಡು ಪುಟ ತುಂಬಿಸಿದೆ. ಮೇಡಂ ಓದಿ ನಕ್ಕು ನಕ್ಕು ಸೆರಗಿನಿಂದ ಕಣ್ಣು ಒರೆಸಿಕೊಂಡರು.

"ಅಜ್ಜಾರ, ದಿಕ್ಕಿಲ್ಲದವರ ಮನಿಗೆ ನಾವು ಕೂಸು ಹ್ಯಾಂಗ ಕೊಡೂನ್ರಿ? ಇದರಾಗ ನಿಮಗ ಏನೈತಿ, ಏನು ಬರ್ತದ, ಅದನ್ನ ಬರೀಬೇಕು."

ಹೊಸ ಹಾಳೆ ತೆಗೆದುಕೊಂಡು ಇದ್ದದ್ದನ್ನು ಇದ್ದ ಹಾಗೆ ಬರೆದೆ: ಎರಡು ಕೋಣೆ, ನಳದ ನೀರು, ಒಂದು ಎಮ್ಮೆ, ಒಂದು ಹೆಂಡತಿ. ಈ ಮಾತನ್ನು ಇಲ್ಲಿ ಹೇಳುವ ಕಾರಣವಿದೆ. ಇಂಥ ಕಾಗದದಲ್ಲಿ ಇಲ್ಲ ಎಂದು ಬರೆದರೆ ಏನೂ ದಕ್ಕುವುದಿಲ್ಲ ಎಂಬುದು ನನಗೆ ಅಂದೇ ತಿಳಿದಿತ್ತು.

ಹುಡುಗಿ ಬಂದಾಗ ಹನ್ನೊಂದು ವರ್ಷದವಳು. ಹೊಳೆಮಣ್ಣೂರಿನವಳು. ಅಜ್ಜಿಯ ಹತ್ತಿರ ಬೆಳೆದಿದ್ದಳು. ಅಜ್ಜಿ ತೀರಿಕೊಂಡ ಮೇಲೆ ಒಂದು ವರ್ಷ ಬಾಲಮಂದಿರದಲ್ಲಿದ್ದಳು. ಕೈಯಲ್ಲೊಂದು ತಗಡಿನ ಪೆಟ್ಟಿಗೆ, ಪೆಟ್ಟಿಗೆಯಲ್ಲಿ ಎರಡು ಜೊತೆ ಬಟ್ಟೆ, ಒಂದು ಮುರಿದ ಟಾರ್ಚು. ಟಾರ್ಚು ಯಾಕೆ ಎಂದು ಕೇಳಿದರೆ, "ಮುರದಿಲ್ರಿ, ಬಿಚ್ಚೇನಿ," ಎಂದಳು. ಮೂರನೆಯ ದಿನ ಅದು ಹತ್ತಿತು. ನಾಲ್ಕನೆಯ ದಿನ ನಮ್ಮ ರೇಡಿಯೋ ಬಿಚ್ಚಿದಳು.

ಒಂದು ವಾರ ನಮ್ಮನ್ನು "ನೀವು" ಎಂದಳು. ಆಮೇಲೆ ನಾನು "ಅಜ್ಜಾ, ನೀ" ಆದೆ, ಹೆಂಡತಿ "ಆಯಿ" ಆದಳು. ಮನೆಯಲ್ಲಿ ಸದ್ದು ಶುರುವಾಯಿತು. ಅದಕ್ಕೆ ಮುಂಚೆ ನಾನೂ ನನ್ನ ಹೆಂಡತಿಯೂ ದಿನಕ್ಕೆ ಆಡುತ್ತಿದ್ದ ಮಾತು ಉಪ್ಪು ಹೆಚ್ಚೋ ಕಡಿಮೆಯೋ ಅನ್ನುವಷ್ಟು. ಈಗ ಇಸ್ತ್ರಿ ಪೆಟ್ಟಿಗೆಯಿಂದ ಹಿಡಿದು ಎಮ್ಮೆಯ ತನಕ ಎಲ್ಲದರ ಮೇಲೂ ಪಂಚಾಯ್ತಿ. ಓಣಿಯ ಹೆಂಗಸರು ಕೆಟ್ಟ ಮಿಕ್ಸರ್ ಹಿಡಿದುಕೊಂಡು ನಮ್ಮ ಕಟ್ಟೆಗೆ ಬರತೊಡಗಿದರು. ಸಂತೆಗೆ ಹೋದರೆ ಬದನೆಕಾಯಿಯವಳು ಇವಳನ್ನು ದೂರದಿಂದ ಕಂಡೇ, "ಬಂತವ್ವಾ ನಮ್ಮ ತಹಶೀಲ್ದಾರ ಸವಾರಿ, ತೂಕ ಸರಿ ಮಾಡ್ಕೋರಿ!" ಎಂದು ಪಕ್ಕದವಳಿಗೆ ಕೂಗುತ್ತಿದ್ದಳು.

ಹೆಂಡತಿಗೆ ಸೀರೆ ತರಲು ಒಮ್ಮೆ ಮೂವರೂ ಗಜೇಂದ್ರಗಡಕ್ಕೆ ಹೋದೆವು. ಅಲ್ಲಿಯ ನೇಕಾರರ ಮನೆಯಲ್ಲಿ ಆಯಿ ಅಂಚು ಆರಿಸುವುದರಲ್ಲಿ ಮುಳುಗಿರುವಾಗ ಹುಡುಗಿ ನನ್ನ ಕೈ ಹಿಡಿದು ಹೊರಗೆಳೆದಳು. ಗುಡ್ಡದ ಮೇಲೆ ಕರೆಂಟು ಮಾಡುವ ಗಾಳಿಯ ಫ್ಯಾನುಗಳು ತಿರುಗುತ್ತಿದ್ದವು. ನಾನು ಅಲ್ಲಿಗೆ ಹೋದಾಗೆಲ್ಲ ಕಂಡದ್ದೇ. ನನಗೆ ಅವು ಮೋಡ ಇದ್ದ ಹಾಗೆ. ಅವಳು ಬಿಡಲಿಲ್ಲ. ಒಂದು ಫ್ಯಾನಿನ ಬುಡದ ತನಕ ನನ್ನನ್ನು ನಡೆಸಿದಳು. ಬಾಗಿಲಲ್ಲಿ ಹಳದಿ ಟೊಪ್ಪಿಗೆಯ ಒಬ್ಬ ಕೆಲಸಗಾರ ಬುತ್ತಿ ಬಿಚ್ಚಿಕೊಂಡು ಕೂತಿದ್ದ.

"ಅಣ್ಣಾ, ಇದರ ಒಳಗ ಏಣಿ ಐತೇನು?"

"ಐತವ್ವಾ. ತುದೀ ಮಟ ಐತಿ."

"ಹೆಣ್ಣುಮಕ್ಕಳು ಹತ್ತತಾರೇನು?"

ಆತ ರೊಟ್ಟಿ ಕೈಯಲ್ಲಿ ಹಿಡಿದೇ ಯೋಚಿಸಿದ. "ಈ ಕಡೆ ಯಾರೂ ಹತ್ತಿಲ್ಲ. ಹತ್ತಬಾರದು ಅಂತೂ ಎಲ್ಲೂ ಬರದಿಲ್ಲ. ಐಟಿಐ ಮಾಡಬೇಕು, ಎಲೆಕ್ಟ್ರಿಕಲ್."

ಬರುವ ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ ಕೊರಳು ಹೊರಳಿಸಿ ಗುಡ್ಡ ಮರೆಯಾಗುವ ತನಕ ನೋಡಿದಳು. "ನಾ ಹತ್ತೂದು ಖರೇ, ಅಜ್ಜಾ," ಎಂದಳು. ಆಯಿ ತನ್ನ ಹೊಸ ಸೀರೆಯ ಪೊಟ್ಟಣ ಎದೆಗವಚಿಕೊಂಡು, "ಮೊದಲ ಅಟ್ಟದ ಮ್ಯಾಲಿನ ಬುಟ್ಟಿ ಹತ್ತಿ ಇಳಸು, ಆಮ್ಯಾಲೆ ಫ್ಯಾನ್ ಹತ್ತೀಯಂತ," ಎಂದಳು.

ಅವಳಿಗೆ ಹದಿನೇಳು ನಡೆಯುತ್ತಿದ್ದಾಗ ಮೇಡಂ ಒಂದು ದಪ್ಪನೆಯ ನಮೂನೆ ತಂದುಕೊಟ್ಟರು. ಹದಿನೆಂಟು ತುಂಬಿದ ಮೇಲೆ ಮಕ್ಕಳು ಯೋಜನೆಯಿಂದ ಹೊರಗೆ ಬರುತ್ತಾರೆ. ಸ್ವಂತ ಕಾಲ ಮೇಲೆ ನಿಲ್ಲಲು ತಯಾರಾದವರ ಹೆಸರನ್ನು ಹುಬ್ಬಳ್ಳಿಯ ಒಂದು ವಸತಿಗೃಹಕ್ಕೆ ಕಳಿಸುತ್ತಾರೆ; ಅಲ್ಲಿದ್ದುಕೊಂಡು ಐಟಿಐ ಕಲಿಯಬಹುದು. ಯಾರು ತಯಾರು, ಯಾರು ಅಲ್ಲ ಎಂಬುದನ್ನು ಸಾಕಿದವರೇ ನಮೂನೆಯಲ್ಲಿ ತುಂಬಬೇಕು.

"ಖರೇ ಖರೇ ಬರೀರಿ ಅಜ್ಜಾರ," ಎಂದರು ಮೇಡಂ. "ಆಕೀ ಮುಂದಿನ ದಾರಿ ಇದರ ಮ್ಯಾಲೆ ನಿಂತೈತಿ."

ಮರುದಿನ ಮಧ್ಯಾಹ್ನ ಗಿಡದ ಕೆಳಗೆ ಗಿರಾಕಿಗಳಿಲ್ಲದ ಹೊತ್ತು ನೋಡಿ ನಮೂನೆ ಬಿಡಿಸಿದೆ. ಅದೇ ಹೊತ್ತಿಗೆ ಹುಡುಗಿ ನನ್ನ ಚಾಳೀಸು ರಿಪೇರಿ ಮಾಡಿಸಿಕೊಂಡು ಬರಲು ಒಬ್ಬಳೇ ನರಗುಂದಕ್ಕೆ ಹೋಗಿದ್ದಳು. ಹಳೆಯ ಚಾಳೀಸಿನಲ್ಲಿ ಕಣ್ಣು ಕಿರಿದು ಮಾಡಿ ಓದಿದೆ.

"ಒಬ್ಬರೇ ಬಸ್ಸಿನಲ್ಲಿ ಪ್ರಯಾಣ ಮಾಡಬಲ್ಲರೆ?" "ಇಲ್ಲ. ಬಹಳ ಹೆದರುತ್ತಾಳೆ" ಎಂದು ಬರೆದೆ.

"ತಮ್ಮ ಅಡುಗೆ ತಾವು ಮಾಡಿಕೊಳ್ಳಬಲ್ಲರೆ?" "ಇಲ್ಲ. ಬೆಂಕಿಯ ಅಂಜಿಕೆ ಇದೆ."

"ಕಾಯಿಲೆಯಾದಾಗ ದವಾಖಾನೆಗೆ ಹೋಗಿ ತಮ್ಮ ತೊಂದರೆ ಹೇಳಬಲ್ಲರೆ?" ಹಿಂದಿನ ತಿಂಗಳಷ್ಟೇ ನನ್ನ ಮೊಣಕಾಲಿನ ವಿಷಯದಲ್ಲಿ ಇವಳು ಡಾಕ್ಟರರಿಗೇ ಮೂರು ಪ್ರಶ್ನೆ ಕೇಳಿದ್ದಳು. "ಇಲ್ಲ. ಅಪರಿಚಿತರ ಮುಂದೆ ಬಾಯಿ ಬಿಡುವುದಿಲ್ಲ" ಎಂದು ಬರೆದೆ.

ಕೊನೆಯಲ್ಲಿ "ಪೋಷಕರ ಅಭಿಪ್ರಾಯ" ಎಂದು ನಾಲ್ಕು ಗೆರೆ ಬಿಟ್ಟಿದ್ದರು. "ಬಾಲಕಿಯು ಅತ್ಯಂತ ಮುಗ್ಧೆಯೂ ತೀವ್ರ ಅವಲಂಬಿತೆಯೂ ಆಗಿದ್ದು, ಮನೆಯ ಆಶ್ರಯವಿಲ್ಲದೆ ಬದುಕಲು ಅಸಮರ್ಥಳು" ಎಂದು ಬರೆದು, ಕೆಳಗೆ ಗೆರೆ ಎಳೆದೆ. ಇಷ್ಟು ಚಂದದ ಅಕ್ಷರ ನಾನು ಹಿಂದೆಂದೂ ಬರೆದಿರಲಿಲ್ಲ.

ಹೆಂಡತಿಯ ಸಹಿಯೂ ಬೇಕಿತ್ತು. ಆಕೆಗೆ ಸಹಿ ಬರುತ್ತದೆ, ಓದಲು ಬರುವುದಿಲ್ಲ. "ಏನು ಬರದೀರಿ?" ಎಂದು ಕೇಳಿದಳು. "ಚಲೋನ ಬರದೇನಿ," ಎಂದೆ. ಹಿಟ್ಟಿನ ಕೈ ಒರೆಸಿಕೊಂಡು ಸಹಿ ಮಾಡಿದಳು. ಅಷ್ಟರಲ್ಲಿ ಹುಡುಗಿ ಬಂದಳು. ಚಾಳೀಸಿನವನು ಗಾಜು ಓರೆ ಕೂರಿಸಿದ್ದನಂತೆ, ನಿಂತು ಮತ್ತೊಮ್ಮೆ ಬಿಚ್ಚಿಸಿ ಕೂರಿಸಿದ್ದಳಂತೆ. ಅದನ್ನು ನನ್ನ ಮೂಗಿನ ಮೇಲಿಟ್ಟು, "ಈಗ ಚಲೋ ಕಾಣ್ತದೇನು?" ಎಂದಳು. ಚಲೋ ಕಾಣುತ್ತಿತ್ತು.

ಒಂದು ತಿಂಗಳಿಗೆ ಮೇಡಂ ಫೋನು ಮಾಡಿದರು. ಅವರ ದನಿಯಲ್ಲಿ ಅನುಮಾನವಿತ್ತು. "ಹುಡುಗಿ ನೋಡಿದ್ರ ಅಷ್ಟು ಚುರುಕು ಕಾಣ್ತಾಳ. ಆದ್ರ ದಿನಾ ಜೋಡಿ ಇರೋರು ನೀವು, ನಿಮಗ ಹೆಚ್ಚಿಗಿ ಗೊತ್ತು," ಎಂದರು. ಈ ಸಲದ ಪಟ್ಟಿಗೆ ಅವಳ ಹೆಸರು ಹಾಕಲಿಲ್ಲ. ಬದಲಿಗೆ ಬದುಕುವ ಕೌಶಲ್ಯದ ತರಬೇತಿಗೆ ಹಾಕಿದರು. ಶನಿವಾರಕ್ಕೊಮ್ಮೆ ಮಧ್ಯಾಹ್ನ ರೋಣದಲ್ಲೇ ಒಂದು ಕೋಣೆಯಲ್ಲಿ ಪಾಠ. ನಾನು ಫೋನು ಇಟ್ಟು ಎಮ್ಮೆಗೆ ಎರಡು ಹಿಡಿ ಹೆಚ್ಚು ಹಿಂಡಿ ಹಾಕಿದೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಆ ದಿನ ನನಗೆ ಖುಷಿಯಾಗಿತ್ತು.

ಮೊದಲ ಶನಿವಾರ ಅವಳು ನಗುತ್ತ ಬಂದಳು. "ಆಯಿ, ಇವತ್ತ ನನಗ ಗ್ಯಾಸ್ ಹಚ್ಚೋದು ಕಲಿಸಿದ್ರು! ಮೊದಲು ಕಡ್ಡಿ ಗೀರಬೇಕಂತ, ಆಮ್ಯಾಲೆ ಗುಂಡಿ ತಿರುವಬೇಕಂತ. ಚಿತ್ರ ಬರದ ಹಾಳಿ ಬ್ಯಾರೆ ಕೊಟ್ಟಾರ." ಆಯಿಗೆ ಏನೂ ಅರ್ಥವಾಗಲಿಲ್ಲ. "ನಿನಗ ಯಾಕ ಕಲಿಸ್ತಾರ? ನೀನ ಅಲ್ಲೇನು ನಮ್ಮ ಗ್ಯಾಸಿನ ನಳಿಗಿ ಬದಲಿ ಮಾಡಿದಾಕಿ?" ನಾನು ಪಂಚಾಂಗ ನೋಡುತ್ತ ಕೂತೆ.

ಎರಡನೆಯ ಶನಿವಾರ ಕೈ ತೊಳೆಯುವುದು, ಬಸ್ಸು ಹತ್ತುವುದು. ಆ ದಿನ ಅವಳು ಅಷ್ಟು ನಗಲಿಲ್ಲ. ಮೂರನೆಯ ಶನಿವಾರ ಬಂದು ನನ್ನ ಪಕ್ಕ ಕುಳಿತು ಕೇಳಿದಳು:

"ಅಜ್ಜಾ, ಅವಲಂಬಿತೆ ಅಂದ್ರ ಏನು?"

"ಯಾಕ?"

"ಟೀಚರ್ ಹಾಳಿ ಮ್ಯಾಲೆ ನನ್ನ ಹೆಸರಿನ ಮುಂದ ಬರದೈತಿ. ತೀವ್ರ ಅವಲಂಬಿತೆ ಅಂತ."

ಅದು ನನ್ನದೇ ಶಬ್ದ. "ಹಂಗಂದ್ರ... ಇನ್ನೊಬ್ಬರ ಆಸರ ಬೇಕಾದಾಕಿ," ಎಂದೆ.

"ಯಾರೋ ತಿಳದವರು ನನ್ನ ನೋಡಿ ಬರದಿರಬೇಕಲ್ಲ?" ಎಂದಳು. "ಸುಳ್ಳ ಯಾಕ ಬರೀತಾರ?"

ನಾನು ಅಲ್ಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ.

ಮರುವಾರ ಅವಳನ್ನು ಕರೆದುಕೊಂಡು ಗಜೇಂದ್ರಗಡಕ್ಕೆ ಹೋಗುವ ಕೆಲಸ ಬಂತು. ರೋಣದ ಬಸ್‌ಸ್ಟ್ಯಾಂಡಿನಲ್ಲಿ ಯಾವ ಬಸ್ಸು ಎಲ್ಲಿಗೆ ಎಂದು ಮುದುಕಿಯರಿಗೆ ಓದಿ ಹೇಳುತ್ತಿದ್ದವಳು ಇವಳೇ. ಕಂಡಕ್ಟರನಿಗೆ ಗುರುತು. "ಏನವ್ವಾ, ಇವತ್ತ ಬಸ್ ನಾ ಬಿಡ್ಲೋ, ನೀ ಬಿಡ್ತಿಯೋ?" ಎಂದು ಚೇಷ್ಟೆ ಮಾಡಿದ. ಬೋರ್ಡು ಕಣ್ಣ ಮುಂದೆಯೇ ಇತ್ತು. ಅವಳು ನನ್ನ ಅಂಗಿಯ ತೋಳು ಹಿಡಿದು ಮೆಲ್ಲಗೆ ಕೇಳಿದಳು: "ಅಜ್ಜಾ, ಇದು ಗಜೇಂದ್ರಗಡಕ್ಕ ಹೋಗ್ತದೋ ಇಲ್ಲೋ, ಒಂಚೂರು ಕೇಳು."

ಅವತ್ತು ಅಲ್ಲಿಯ ಸಂತೆಗೂ ಬಂದಿದ್ದ ನಮ್ಮ ಬದನೆಕಾಯಿಯವಳು ಹೇಳಿದ ತೂಕವನ್ನೇ ಹುಡುಗಿ ಒಪ್ಪಿಕೊಂಡು ಬಂದಳು. ಬದನೆಕಾಯಿಯವಳಿಗೇ ಗಾಬರಿಯಾಗಿ, "ಕೂಸಿಗೆ ಜ್ವರ ಬಂದಾವೇನ್ರೀ?" ಎಂದು ನನ್ನನ್ನು ಕೇಳಿದಳು. ವಾಪಸು ಬರುವಾಗ ಹುಡುಗಿ ಗುಡ್ಡದ ಕಡೆ ತಿರುಗಿ ಕೂರಲಿಲ್ಲ. ಐಟಿಐಗೆ ಎರಡನೆಯ ಪಟ್ಟಿ ಹಾಕಲು ಇನ್ನೂ ಹನ್ನೆರಡು ದಿನ ಇದೆಯಂತೆ ಎಂದು ನಾನೇ ಮಾತು ತೆಗೆದೆ. ಅವಳು, "ಬ್ಯಾಡ ಬಿಡು. ಅಷ್ಟು ಎತ್ತರ ಹತ್ತೋದು ನನ್ನ ಕೈಲೆ ಆಗಂಗಿಲ್ಲ," ಎಂದಳು.

ಅವಳು ಹೋಗಬಾರದು ಎಂದು ನಾನು ಬಯಸಿದ್ದು ನಿಜ. ಹೋಗಲಾರೆ ಎಂದು ಅವಳೇ ನಂಬಿಬಿಡುತ್ತಾಳೆ ಎಂದು ಎಣಿಸಿರಲಿಲ್ಲ. ನಾನು ಬರೆದ ಹುಡುಗಿ ಒಬ್ಬಳು ನನ್ನ ಪಕ್ಕದಲ್ಲಿ ಕೂತಿದ್ದಳು, ಮತ್ತು ಆಕೆಯ ಗುರುತು ನನಗೆ ಇರಲಿಲ್ಲ.

ಮೊದಲು ಹೆಂಡತಿಗೆ ಹೇಳಿದೆ. ಆಕೆ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವುದು ನಿಂತಿತು.

"ಮಂದೀ ಸಲುವಾಗಿ ಸುಳ್ಳ ಬರದು ಬರದು ಕೈ ಕೆಟ್ಟಿತ್ತು, ಗೊತ್ತಿತ್ತು. ಮನಸೂ ಕೆಟ್ಟಿತೇನು ನಿಮ್ಮದು?"

"ತಪ್ಪಾತು."

"ನನ್ನ ಸಹೀನೂ ಹಾಕಿಸಿದ್ರಿ ಅದರ ಮ್ಯಾಲೆ! ಚಲೋನ ಬರದೇನಿ ಅಂದ್ರಿ! ಹೋಗ್ರಿ, ಮೊದಲ ಆಕೀಗೆ ಹೇಳ್ರಿ. ಹೇಳೂ ತನಕ ಈ ಒಲಿ ಮ್ಯಾಲೆ ನಿಮ್ಮ ರೊಟ್ಟಿ ಬೇಯಂಗಿಲ್ಲ."

ಹುಡುಗಿ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದಳು. ಎದುರಿಗೆ ಕೂತು ನಾನೂ ನಾಲ್ಕು ಶೇಂಗಾ ಸುಲಿದೆ. ಆಮೇಲೆ ಹೇಳಿದೆ: ಆ ನಮೂನೆ ತುಂಬಿದವನು ನಾನು, ಒಂದೊಂದೂ ಸುಳ್ಳು, ನೀನು ಹೋಗಬಾರದು ಎಂದು ಬರೆದೆ.

ಅವಳು ಮೊದಲು ಕೇಳಿದ್ದು ಇಷ್ಟೇ: "ಅಂದ್ರ, ನನ್ನೊಳಗ ಏನೂ ಕಮ್ಮಿ ಇಲ್ಲ?"

"ಏನೂ ಇಲ್ಲವ್ವಾ."

ಒಂದು ಕ್ಷಣ ಅವಳ ಮುಖ ದೀಪ ಹಚ್ಚಿದ ಹಾಗಾಯಿತು. ಮರುಕ್ಷಣ ಸಿಟ್ಟು ಬಂತು. ಎದ್ದು ನಿಂತಳು, ಉಡಿಯಲ್ಲಿದ್ದ ಸಿಪ್ಪೆಯೆಲ್ಲ ನನ್ನ ತಲೆಯ ಮೇಲೆ ಬಿತ್ತು. ಬೇಕೆಂದು ಚೆಲ್ಲಿದಳೋ ತಾನಾಗಿ ಬಿತ್ತೋ, ನಾನು ಕೇಳಲು ಹೋಗಲಿಲ್ಲ.

"ನೀವು ಹಿಂಗ ಮಾಡಬಾರದಿತ್ರಿ," ಎಂದಳು.

ಆರು ವರ್ಷದ ಮೇಲೆ ಅವಳ ಬಾಯಲ್ಲಿ ಮತ್ತೆ "ನೀವು" ಕೇಳಿದೆ. ಅವಳು ಬೈದಿದ್ದರೆ ಅಷ್ಟು ನೋಯುತ್ತಿರಲಿಲ್ಲ. ಮುಂದಿನ ದಿನಗಳಲ್ಲಿ ನನ್ನೊಂದಿಗೆ ಆಡಿದ್ದೆಲ್ಲ ಕಚೇರಿಯ ಮಾತು: "ಊಟಕ್ಕ ಬರ್ರಿ." "ಚಾ ಇಟ್ಟೇನ್ರಿ."

ಮರುದಿನ ಹೊತ್ತೇರುವ ಮುಂಚೆ ಹೆಂಡತಿ ನನ್ನನ್ನು ಹೊರಡಿಸಿಕೊಂಡು ಗಿಡದ ಕೆಳಗೆ ಬಂದಳು. ಮೂವತ್ತೆಂಟು ವರ್ಷದಲ್ಲಿ ಆಕೆ ಅಲ್ಲಿಗೆ ಬಂದದ್ದು ಅದೇ ಮೊದಲು. ಗಿರಾಕಿ ಕೂರುವ ಸ್ಟೂಲಿನ ಮೇಲೆ ಕುಳಿತು, "ಬರೀರಿ," ಎಂದಳು.

ಬಿಳಿಯ ಹಾಳೆ ಇಟ್ಟುಕೊಂಡೆ. ಪೆನ್ನು ತಾನಾಗಿ "ನಿರ್ಗತಿಕಳಾದ" ಎಂದು ಶುರು ಮಾಡಿತು. ಹರಿದೆ. ಎರಡನೆಯ ಹಾಳೆಯಲ್ಲಿ "ದಯಾಳುಗಳಾದ ತಾವು" ಎಂದಿತು. ಅದನ್ನೂ ಹರಿದೆ. ಒಬ್ಬರಿಗೆ ಏನು ಬರುತ್ತದೆ ಎಂದು ಬರೆಯುವ ರೂಢಿ ಕೈಗೆ ಇರಲೇ ಇಲ್ಲ.

"ನಾ ಹೇಳ್ತೀನಿ, ನೀವು ಬರೀರಿ," ಎಂದಳು ಹೆಂಡತಿ. "ರೊಟ್ಟಿ ನನಗಿಂತ ತೆಳ್ಳಗ ಬಡೀತಾಳ. ಬರದ್ರೇನು? ಹೊಟ್ಟಿನೋವು ಬಂದಾಗ ನನ್ನ ದವಾಖಾನಿಗೆ ಒಯ್ದಾಕಿ ಆಕೀನ. ಬರೀರಿ."

ಚಹಾದಂಗಡಿಯವನು ಲೋಟ ಇಡಲು ಬಂದವನು ಕಿವಿಗೊಟ್ಟು ನಿಂತ. "ಯಾರ ಬಗ್ಗೆ? ನಿಮ್ಮ ಹುಡುಗೀದಾ? ಹಂಗಾರ ಇದೂ ಬರೀರಿ: ನನ್ನ ಚಾದಾಗ ನೀರು ಹೆಚ್ಚಿಗಿ ಐತಿ ಅಂತ ನಾಲ್ಕು ಮಂದಿ ಮುಂದ ಹೇಳ್ಯಾಳ."

"ಅದು ಬ್ಯಾಡೋ ಮಾರಾಯಾ."

"ಯಾಕ ಬ್ಯಾಡ? ಅಪರಿಚಿತರ ಮುಂದ ಬಾಯಿ ಬಿಡ್ತಾಳ ಅನ್ನೂದಕ್ಕ ಇದಕ್ಕಿಂತ ಸಾಕ್ಷಿ ಬೇಕೇನ್ರಿ? ಬೇಕಾದ್ರ ನಾ ಸಹಿ ಮಾಡ್ತೀನಿ."

ಅಷ್ಟರಲ್ಲಿ ಬಸ್‌ಸ್ಟ್ಯಾಂಡಿನಿಂದ ಕಂಡಕ್ಟರ್ ಚಹಾಕ್ಕೆ ಬಂದ. ಪಕ್ಕದ ಟೇಬಲಿನ ಬರಹಗಾರ ತನ್ನ ಗಿರಾಕಿಯನ್ನು ಬಿಟ್ಟು ಬಂದ. ಹಿಂದೆಯೇ ಆ ಗಿರಾಕಿಯೂ ಬಂದ. ತನ್ನ ಪಂಪ್‌ಸೆಟ್ಟಿನ ಸ್ವಿಚ್ಚು ಇವಳೇ ರಿಪೇರಿ ಮಾಡಿದ್ದು ಎಂದು ಆತ ಎದೆ ತಟ್ಟಿಕೊಂಡು ಹೇಳಿದ. "ನಿಂತ ಬಸ್ಸಿನ ಹಾರ್ನ್ ಯಾಕ ಬರವೊಲ್ದು ಅಂತ ಡ್ರೈವರಗ ಹೇಳಿಕೊಟ್ಟಾಳ, ಹಾಕ್ರಿ," ಎಂದ ಕಂಡಕ್ಟರ್. ಎರಡು ಪುಟ ತುಂಬಿ ಮೂರನೆಯದಕ್ಕೆ ಹೋಯಿತು. ಅವಸರದಲ್ಲಿ ಅಕ್ಷರ ಕಾಗೆಕಾಲು ಗುಬ್ಬಿಕಾಲು ಆದವು. ಕೊನೆಗೆ ನಾನು ಒಂದು ಸಾಲು ಸೇರಿಸಿದೆ: "ಹಿಂದಿನ ನಮೂನೆಯಲ್ಲಿ ನಾನು ತುಂಬಿದ್ದೆಲ್ಲ ಸುಳ್ಳು." ಕೆಳಗೆ ಏಳು ಮಂದಿಯ ಸಹಿ, ಒಂದು ಹೆಬ್ಬೆಟ್ಟು.

ಕಾಗದವನ್ನು ಗದಗಿಗೆ, ಮೇಡಂ ಕಚೇರಿಗೆ, ನಾನೇ ಒಯ್ಯುತ್ತೇನೆ ಎಂದೆ. "ನೀವು ಬರಬ್ಯಾಡ್ರಿ," ಎಂದಳು ಹುಡುಗಿ. "ದಾರ್ಯಾಗ ಮತ್ತೇನರ ಬರದೀರಿ." ಆಯಿ ಬಾಯಿಗೆ ಸೆರಗು ಹಚ್ಚಿಕೊಂಡು ನಕ್ಕಳು. ಹುಡುಗಿ ಒಬ್ಬಳೇ ಹೋಗಿ ಮೇಡಂ ಕೈಗೆ ಕೊಟ್ಟು ಬಂದಳು.

ನಾಲ್ಕು ದಿನಕ್ಕೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ನಮ್ಮನ್ನು ಕರೆದರು. ಉದ್ದನೆಯ ಮೇಜು, ಆಚೆ ಮೂರು ಜನ, ಪಕ್ಕದಲ್ಲಿ ಮೇಡಂ. ನಡುವೆ ಕೂತಿದ್ದ ಹಿರಿಯ ಹೆಣ್ಣುಮಗಳು ನನ್ನ ಎರಡೂ ಕಾಗದ ಅಕ್ಕಪಕ್ಕ ಇಟ್ಟುಕೊಂಡು ಕೇಳಿದರು: "ಯಾಕ ಹಿಂಗ ಬರದ್ರಿ ಯಜಮಾನ್ರ?"

ಉತ್ತರ ನನ್ನ ನಾಲಿಗೆಯ ತುದಿಯಲ್ಲಿ ತಯಾರಿತ್ತು. "ಕಸುಬಿನ ರೂಢಿರೀ. ನಾವು ಅರ್ಜಿ ಬರಿಯೋರು, ಎಲ್ಲಾದಕ್ಕೂ ಇಲ್ಲ ಇಲ್ಲ ಅಂತನ ಬರದು ರೂಢಿ..." ಅವರ ಮುಖ ಸಡಿಲಾಯಿತು. ಒಬ್ಬರು ನಕ್ಕರು ಕೂಡ. ಇನ್ನೊಂದು ಮಾತಿಗೆ ನಾನು ಪಾರಾಗುತ್ತಿದ್ದೆ. ಹುಡುಗಿ ನನ್ನ ಕಡೆ ತಿರುಗಿ ನೋಡಿದಳು.

"ಅಲ್ರೀ," ಎಂದೆ. "ಅದೂ ಸುಳ್ಳು. ಈ ಕಾಗದದಾಗ ಹಂಗ ಬರೀಬಾರದು ಅಂತ ನನಗ ಮೊದಲ ಗೊತ್ತಿತ್ತು. ಆಕಿ ಮನಿ ಬಿಟ್ಟು ಹೋಗಬಾರದು ಅಂತ ಬರದೆ. ಗೊತ್ತಿದ್ದ ಬರದೆ."

ಹಿರಿಯರು ಹುಡುಗಿಯನ್ನು ಕೇಳಿದರು: "ನೀ ಏನಂತಿ?"

"ಅಜ್ಜಗ ಅಂಜಿಕಿ ಇತ್ರಿ," ಎಂದಳು. "ಆದ್ರ ಅಂಜಿಕಿ ಅವರದು, ಹೆಸರು ನಂದು ಬರದ್ರು. ಅದು ನನಗ ಸಿಟ್ಟು."

ಅದಾದ ಮೇಲೆ ಯಾರಿಗೂ ಕೇಳುವುದು ಉಳಿಯಲಿಲ್ಲ. ಅವಳ ಹೆಸರು ಎರಡನೆಯ ಪಟ್ಟಿಗೆ ಹೋಯಿತು. ಎಲೆಕ್ಟ್ರಿಷಿಯನ್ ಸೀಟು ಸಿಕ್ಕಿತು, ಪಾಠ ಶುರುವಾಗಿ ಒಂದು ತಿಂಗಳಾದ ಮೇಲೆ. ಆ ಒಂದು ತಿಂಗಳ ನೋಟ್ಸನ್ನು ಅವಳು ಆಮೇಲೆ ರವಿವಾರಗಳಲ್ಲಿ ಕೂತು ನಕಲು ಮಾಡಬೇಕಾಯಿತು. ಪೋಷಕರ ಪಟ್ಟಿಯಿಂದ ನಮ್ಮ ಹೆಸರು ತೆಗೆದರು. ಇನ್ನೊಂದು ಮಗುವನ್ನು ನಮ್ಮ ಮನೆಗೆ ಕೊಡುವುದಿಲ್ಲ. ಅದು ಸರಿಯಾದ ತೀರ್ಪು. ನನ್ನ ತಪ್ಪಿಗೆ ಹೆಂಡತಿಯೂ ದಂಡ ತೆತ್ತಳು. ಆ ಮಾತನ್ನು ಆಕೆ ನನ್ನ ಮುಂದೆ ಒಮ್ಮೆಯೂ ಎತ್ತಿಲ್ಲ, ಅದಕ್ಕೇ ನನಗೆ ಅದು ಮರೆಯುವುದಿಲ್ಲ.

ಹೊರಡುವ ಮುಂಚೆ ಮನೆಯಲ್ಲಿ ಹದಿನೈದು ದಿನ ಉಳಿದಿದ್ದವು. ಒಂದು ಮುಂಜಾನೆ ಹುಡುಗಿ ತರಬೇತಿಯಲ್ಲಿ ಕೊಟ್ಟ ಚಿತ್ರದ ಹಾಳೆಗಳನ್ನು ತಂದು ಅಡುಗೆಮನೆಯ ಗೋಡೆಗೆ ಅಂಟಿಸಿದಳು.

"ಬರ್ರಿ ಇಲ್ಲೆ. ಆಯಿ ಎರಡು ದಿನ ಮಲಗಿದ್ರ ಉಪವಾಸ ಸಾಯ್ತೀರಿ ನೀವು. ಪಾಠ ಒಂದು, ಗ್ಯಾಸ್ ಹಚ್ಚೋದು."

ಎಪ್ಪತ್ತು ಹತ್ತಿರವಾದರೂ ನಾನು ಒಲೆ ಹಚ್ಚಿದವನಲ್ಲ. ಮೊದಲು ಗುಂಡಿ ತಿರುವಿ, ಆಮೇಲೆ ಕಡ್ಡಿ ಪೆಟ್ಟಿಗೆ ಹುಡುಕಿದೆ. ಭುಸ್ ಎಂದು ಬೆಂಕಿ ಎದ್ದು ನನ್ನ ಮುಂಗೈ ಕೂದಲು ಸುಟ್ಟಿತು. ಆಯಿ ಕಿರುಚಿದಳು. ಹುಡುಗಿ ಗುಂಡಿ ತಿರುವಿ ಒಲೆ ಆರಿಸಿ, ಹೊಟ್ಟೆ ಹಿಡಿದುಕೊಂಡು ನಗುತ್ತ ನೆಲಕ್ಕೆ ಕೂತಳು.

"ಕಡ್ಡಿ ಮೊದಲೋ ಅಜ್ಜಾ! ಕಡ್ಡಿ ಮೊದಲು! ನಿನಗ ಎಷ್ಟು ಸಲ ಹೇಳಲಿ?"

ಆಯಿ ನನ್ನ ಮುಖ ನೋಡಿದಳು. ನಾನು ಕೈಗೆ ತಣ್ಣೀರು ಹಾಕಿಕೊಳ್ಳುವ ನೆಪದಲ್ಲಿ ಬಚ್ಚಲಿಗೆ ಹೋದೆ.

ಆ ಹದಿನೈದು ದಿನದಲ್ಲಿ ಅವಲಕ್ಕಿ, ಚಹಾ, ಅನ್ನ ಕಲಿತೆ. ರೊಟ್ಟಿಗೆ ಮಾತ್ರ ಆಯಿಯೇ ಅಡ್ಡ ಬಂದಳು: "ಹಿಟ್ಟು ದಂಡ ಮಾಡಬ್ಯಾಡ್ರಿ." ಹೊರಡುವ ದಿನ ಆಯಿ ಅವಳಿಗೆ ಗಜೇಂದ್ರಗಡದ ಹೊಸ ಸೀರೆ ಉಡಿಸಿ ಉಡಿ ತುಂಬಿದಳು. ಓಣಿಯ ಹೆಂಗಸರು ಕೆಟ್ಟ ಮಿಕ್ಸರುಗಳ ಚಿಂತೆ ಮಾಡುತ್ತ ಬೀಳ್ಕೊಟ್ಟರು.

ಈಗ ಅವಳು ಎರಡನೆಯ ವರ್ಷದಲ್ಲಿದ್ದಾಳೆ. ವರ್ಗದಲ್ಲಿ ಅವಳೊಬ್ಬಳೇ ಹುಡುಗಿ. ಹೋದ ತಿಂಗಳು ಒಂದು ಮುಂಜಾನೆ ಹೇಳದೆ ಕೇಳದೆ ಬಂದಳು. ಕಂಬ ಹತ್ತುವ ಬೆಲ್ಟು ಸೊಂಟಕ್ಕೆ ಹೇಗೆ ಬಿಗಿಯುವುದು ಎಂದು ಆಯಿಯ ಸೊಂಟಕ್ಕೇ ಬಿಗಿದು ತೋರಿಸಿದಳು. ಬಿಚ್ಚಲು ಬಾರದೆ ಆಯಿ ಊಟದ ತನಕ ಅದರಲ್ಲೇ ಓಡಾಡಿದಳು. ನಾನು ಅವಲಕ್ಕಿ ಮಾಡಿದೆ. "ಉಪ್ಪು ಹೆಚ್ಚಿಗಿ ಆತು," ಎಂದು ಹೇಳಿ ಎರಡು ಸಲ ಹಾಕಿಸಿಕೊಂಡು ತಿಂದಳು.

ನಾಲ್ಕು ಗಂಟೆಯ ಬಸ್ಸಿಗೆ ಹೊರಟಾಗ ನಾನು ಎದ್ದು ಚಪ್ಪಲಿ ಮೆಟ್ಟಿದೆ. ಬಸ್‌ಸ್ಟ್ಯಾಂಡಿಗೆ ಹೋಗಿ, ಕಿಟಕಿಯ ಹತ್ತಿರ ಜಾಗ ಹಿಡಿದು, ಕಂಡಕ್ಟರನಿಗೆ ಒಂದು ಮಾತು ಹೇಳಿ ಬರುವುದು ನನ್ನ ಮನಸ್ಸಿನಲ್ಲಿತ್ತು.

"ಎಲ್ಲಿ ಹೊಂಟಿ?"

"ಎಲ್ಲೂ ಇಲ್ಲ," ಎಂದೆ. ಚಪ್ಪಲಿ ಬಿಟ್ಟೆ.

ಅವಳು ಚೀಲ ಹೆಗಲಿಗೆ ಹಾಕಿಕೊಂಡು ಓಣಿಯ ತಿರುವಿನ ತನಕ ಹೋದವಳು, ಅಲ್ಲಿಂದ ಕೂಗಿದಳು: "ಅಜ್ಜಾ, ಬಾಗಲಾ ಹಾಕ್ಕೋ, ನಾಯಿ ಒಳಗ ಬರ್ತದ!"

ಬಾಗಿಲು ಹಾಕಿಕೊಂಡೆ. ಒಳಗೆ ಆಯಿ, ಅವಲಕ್ಕಿಯ ಪಾತ್ರೆ ತಿಕ್ಕುವವರು ಯಾರು ಎಂದು ಕೇಳುತ್ತಿದ್ದಳು.